ಪುಲ್ಲಿಯ ಮೇಲೆ ಗೋಪೀಚಂದನ

ಮಕ್ತಲ್, ಅಕ್ಟೋಬರ್ 8, ಬುಧವಾರ

ಸಂಧ್ಯಾವಂದನೆ, ಕಾಫಿ, ಆಮೇಲೆ ರೇಡಿಯೇಟರ್ ಬಿಚ್ಚಿದೆ. ನಿಂತೇ ಇರುವ ಪಿಕಪ್ ಗಾಡಿಯ ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟಿದೆ. ಇಂಜಿನ್ನಿನ ಮೇಲಿನ ಹಲ್ಲಿನ ಚಕ್ರ, ಅಂದರೆ ಪುಲ್ಲಿ, ಕೆಳಗಿನ ಪುಲ್ಲಿ ಒಂದೇ ತಾಳಕ್ಕೆ ತಿರುಗುವುದು ಇದರಿಂದಲೇ. ಬಿ.ಎಸ್ಸಿಯಲ್ಲಿ ಇದಕ್ಕೊಂದು ಪದವಿತ್ತು — ಸಿಂಕ್ರೊನೈ... ಏನೋ ಒಂದು.

ಗದ್ವಾಲದಿಂದ ಮಗಳು ವಸುಧಾಳ ಫೋನ್. “ಅಪ್ಪಾ, ಐತ್ವಾರ ಗುಜರಿಯವನು ಬರ್ತಾನ. ಅಷ್ಟರಾಗ ಸ್ಟಾರ್ಟ್ ಆದ್ರ ಗಾಡಿ ನಿಮ್ಮದು. ಇಲ್ಲಂದ್ರ ಅವಂದು.” ಒಪ್ಪಿದೆ. ಗಾಡಿ ಹೋದರೆ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಮುದುಕ. ಆಗದ ಮಾತು. ಟೈಮ್ ಈಸ್ ವೆರಿ ಮಚ್ ಸಫಿಷಿಯೆಂಟ್.

ಅಕ್ಟೋಬರ್ 9

ಬೆಲ್ಟ್ ತೆಗೆಯುವ ಮೊದಲು ಎರಡೂ ಪುಲ್ಲಿಗೆ ಗುರುತು ಹಾಕಬೇಕು, ಹೊಸದು ಅದೇ ಹಲ್ಲಿಗೆ ಕೂರಲಿ ಎಂದು. ಪೇಂಟ್ ಡಬ್ಬಿ ಒಣಗಿತ್ತು. ದೇವರಮನೆಯ ಗೋಪೀಚಂದನ ತೇಯ್ದು ನಾಮದ ಹಾಗೆ ಎಳೆದೆ. ಚೆನ್ನಾಗಿ ಕಂಡಿತು.

ಗ್ಯಾರೇಜಿನ ಮೌನೇಶ್ ಗೇಟಿನಲ್ಲಿ ಬೈಕ್ ನಿಲ್ಲಿಸಿದ. “ಆಚಾರ್ರ, ಒಂದು ಹಲ್ಲು ತಪ್ಪಿ ಕೂತ್ರ ವಾಲ್ವ್ ಬಗ್ಗತಾವ್ರೀ. ಇಂಜಿನ್ ಮುಗೀತು.”

“ತಪ್ಪಂಗಿಲ್ಲ. ನೀ ನಡಿಯಪ್ಪಾ.”

ಹಳೇ ಬೆಲ್ಟ್ ತೆಗೆದೆ.

ಅಕ್ಟೋಬರ್ 11

ನಿನ್ನೆ ಬರೆಯಲಿಲ್ಲ. ಸಿಟ್ಟು. ಅಕ್ಕ ಭೀಮಾಬಾಯಿ ಒದ್ದೆ ಬಟ್ಟೆಯಿಂದ ಗುರುತು ಒರೆಸಿಬಿಟ್ಟಿದ್ದಳು. ಒತ್ತಿ ಒರೆಸಿ ಪುಲ್ಲಿಯೂ ತಿರುಗಿತ್ತು. ಮೇಲೆ ನನಗೇ ಬೈಗುಳ.

“ಮುದ್ರಾ ಹಚ್ಕೊಳ್ಳೋದನ್ನ ಗ್ರೀಸಿಗೆ ಹಚ್ಚತಾರೇನೋ ಪ್ರಾಣ್ಯಾ? ಗಾಡಿಗೆ ಮುಂಜಿವಿ ಆಗ್ಯದೇನು?”

ಇವತ್ತು ಯೋಚಿಸಿದೆ. ಕಂಪನಿಯವರು ಹಾಕಿದ ಗುರುತು ಇರಲೇಬೇಕು... ಸೀಮೆಎಣ್ಣೆ, ಹಳೇ ಬ್ರಷ್. ಉಜ್ಜಿ ಉಜ್ಜಿ, ಜಿಡ್ಡಿನ ಅಡಿಯಲ್ಲಿ ಸಣ್ಣ ಗೀರು — ಮೇಲಿನ ಪುಲ್ಲಿಯಲ್ಲಿ, ಕೆಳಗಿನದರಲ್ಲೂ. ಇದ್ದಿದ್ದರೆ ನನ್ನವಳು ಬ್ಯಾಟರಿ ದೀಪ ಹಿಡಿಯುತ್ತಿದ್ದಳು. ಬೆಳಕು ಮಾತ್ರ ನನ್ನ ಮುಖಕ್ಕೆ. ಈಗ ಅಕ್ಕ ಹಿಡಿದಳು, ಮಡಿಯಲ್ಲಿ, ಮಾರು ದೂರದಿಂದ.

ಗೀರುಗಳನ್ನು ಇಂಜಿನ್ ಮೈಮೇಲಿನ ಗುರುತುಗಳ ನೇರಕ್ಕೆ ತಂದು ಹೊಸ ಬೆಲ್ಟ್ ಏರಿಸಿದೆ. ಬಿಗಿ ಮಾಡಿದೆ. ಜಾಬ್ ಈಸ್ ಕಂಪ್ಲೀಟೆಡ್, ಆಲ್‌ಮೋಸ್ಟ್.

ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ 9

ಕೆಳಗಿನ ಪುಲ್ಲಿಗೆ ಪಾನಾ ಹಾಕಿ ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ. ರೇಡಿಯೇಟರ್ ಕೂರಿಸಿ ನೀರು ತುಂಬಿದೆ. ಕೀಲಿ ತಿರುವಿದೆ. ಕೆಮ್ಮಿತು... ಹಿಡಿಯಿತು. ಸದ್ದು ಸಮ, ನುಣುಪು.

ಅಕ್ಕ ಚೀಲ ಹಿಡಿದೇ ಬಂದು ಹತ್ತಿದಳು. “ನಡಿ ಗದ್ವಾಲಕ್ಕ. ವಸುಧಾನ ಬಾಗಿಲ ಮುಂದ ನಿಲ್ಲಸೋಣು.”

ಗೇಟಿಗೆ ಅಡ್ಡ ಗುಜರಿಯವನ ಲಾರಿ. “ಎತ್ಕೊಂಡು ಹೋಗಾಕ ಬಂದೀನ್ರಿ ಸಾರ್.”

“ಮೊದಲ ನಿಂದು ತೆಗಿ. ನಮ್ಮದು ಹೊರಗ ಹೋಗಬೇಕು.”

ಅವನದು ಸ್ಟಾರ್ಟ್ ಆಗುತ್ತಿಲ್ಲ. ಸೀಟಿನಲ್ಲೇ ಕೂತು ಬರೆಯುತ್ತಿದ್ದೇನೆ, ಇಂಜಿನ್ ನಿಲ್ಲಿಸಿಲ್ಲ. ಅಕ್ಕ ಹಾರ್ನಿನ ಮೇಲಿಂದ ಕೈ ತೆಗೆಯುತ್ತಿಲ್ಲ. ಹಗ್ಗ ಕಟ್ಟಿ ನಾವೇ ಅವನ ಲಾರಿಯನ್ನು ಪಕ್ಕಕ್ಕೆ ಎಳೆಯಬೇಕು. ಇಳಿದೆ, ಹಗ್ಗ ತರಲು.