ಮಲ್ಲೇಶನ ಎಡಗೈ, ಖಾಜಾಮಿಯಾನ ಬಲಗೈ

ನವೆಂಬರ್ 3, ಬೆಳಿಗ್ಗೆ

ಸುನಂದಾ, ಹೇಗಿದ್ದೀಯವ್ವಾ? ನಿನ್ನ ಯಜಮಾನರು ಕೊಟ್ರೇಶಪ್ಪನವರ ಮೊಣಕಾಲಿನ ಬಾವು ಇಳಿಯಿತೇ? ಮೊಮ್ಮಗಳು ಐಶ್ವರ್ಯಳಿಗೆ ಜ್ವರ ಬಿಟ್ಟಿತೇ? ಗಬ್ಬೂರಿನ ಚಿಗವ್ವ ಕೋಲು ಹಿಡಿದು ಓಡಾಡುತ್ತಾಳೋ, ಇಲ್ಲಾ ಕೋಲಿನಿಂದ ಸೊಸೆಯನ್ನೇ ಓಡಾಡಿಸುತ್ತಾಳೋ?

ಈ ಡೈರಿ ನನಗೊಬ್ಬಳಿಗೆ. ಆದರೂ ತಂಗಿಯನ್ನು ಕರೆಯದೆ ಕೈ ಓಡುವುದಿಲ್ಲ. ದೇವದುರ್ಗಕ್ಕೆ ನಿನಗೆ ಕಾಗದ ಬರೆಯಬೇಕೆಂದೇ ಅಲ್ಲವೇ ನಾನು ಅಕ್ಷರ ಕಲಿತದ್ದು! ಫೋನಿನಲ್ಲಿ ಎಲ್ಲ ಹೇಳಲಾಗದು. ನಮ್ಮ ತಮ್ಮ ಮಲ್ಲೇಶ ಮಂಚದ ಮೇಲೆ ಕಿವಿ ಅಗಲಿಸಿಕೊಂಡೇ ಮಲಗಿರುತ್ತಾನೆ.

ಹಾಲಿಗೆ ಹೋದರೆ ಅಮೀನನ ಹೋಟೆಲಿನಲ್ಲಿ ಮತ್ತೆ ಅದೇ ಜಗಳ. ನಮ್ಮ ಮಲ್ಲೇಶ ದೊಡ್ಡ ಬಾಕ್ಸರೋ, ಮಾನ್ವಿಯ ಖಾಜಾಮಿಯಾನೋ.

"ಮಲ್ಲಣ್ಣನ ಎಡಗೈ ಬರಾದು ಕಾಣ್ತಿದ್ದಿಲ್ಲಲೇ. ಬಂದು ಹೋದ ಮ್ಯಾಲ ಮೂಗು ಹೇಳ್ತಿತ್ತು."

"ಖಾಜಾಮಿಯಾ ಹತ್ತು ತಿಂದು ಒಂದು ಕೊಡ್ತಿದ್ದ. ಆ ಒಂದು ಬಿತ್ತಂದ್ರ ಮುಗೀತು, ಎದರಿನಾವ ಅವ್ವನ ಹೆಸರು ಮರೀತಿದ್ದ."

ಅಮೀನ್ ನಡುವೆ ಬಾಯಿ ಹಾಕಿದ: "ಇಬ್ಬರಿಗೂ ಚಾ ಕುಡಿಸ್ದಾವ ನಾನು. ಬರ್ರಿ, ನನಗ ಹಾರ ಹಾಕ್ರಿ."

ಇಬ್ಬರೂ ಹೆವಿವೇಟ್. ಆಗ ಶಕ್ತಿನಗರದ ಕರೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಸಂಜೆ ಬಾಕ್ಸಿಂಗ್, ಊಟ ನನ್ನ ಖಾನಾವಳಿಯಲ್ಲಿ. ಪಂದ್ಯದಲ್ಲಿ ಎದುರುಬದುರು ಆಡಿದ್ದು ಎರಡೇ ಸಲ. ಒಂದು ಇವನು ಗೆದ್ದ, ಒಂದು ಅವನು. ಮೂರನೆಯದು ಆಗಲೇ ಇಲ್ಲ. ಈಗ ಇಬ್ಬರಿಗೂ ಅರವತ್ತರ ಅಂಚು. ಜಗಳ ಮಾತ್ರ ಇನ್ನೂ ಹರೆಯದಲ್ಲೇ ಇದೆ.

ನವೆಂಬರ್ 5

ಹಳೆಯ ಆಟಗಾರರ ಸಂಘದವರು ಮನೆಗೆ ಬಂದಿದ್ದರು. ಆ ಮೂರನೆಯ ಆಟ ಈಗ ಆಗಬೇಕಂತೆ, ಇಲ್ಲೇ ರಾಯಚೂರಿನಲ್ಲಿ. "ಬರೇ ಶೋ ಅದರೀ ಅಕ್ಕಾರ, ಮೆತ್ತಗ ಹೊಡೀತಾರ" ಎಂದರು.

ಮಲ್ಲೇಶ ಮೆತ್ತಗೆ ಹೊಡೆದದ್ದನ್ನು ನಾನಂತೂ ಕಂಡಿಲ್ಲ.

ಡಾಕ್ಟರು ಮೊನ್ನೆಯೇ ಹೇಳಿದ್ದಾರೆ. ವರ್ಷಗಟ್ಟಲೆ ಪೆಟ್ಟು ತಿಂದ ತಲೆ, ಒಳಗೆ ಸವೆದಿದೆ. ಮರೆವು, ಕೈ ನಡುಕ ಎಲ್ಲ ಅದರಿಂದಲೇ. ಇನ್ನೊಂದು ಪೆಟ್ಟು ಬಿದ್ದರೆ ಅಲ್ಲಿಗೇ ಮುಗಿಯಬಹುದು. ಸಂಘದವರಿಗೆ ಹೇಳಲು ಬಾಯಿ ತೆರೆದೆ. ಮಲ್ಲೇಶ ಗುರಾಯಿಸಿದ.

ಅವರು ಹೋದ ಮೇಲೆ: "ಬೇ ಅಕ್ಕಾ, ನನ್ನ ತಡದೆಂದ್ರ ನೋಡು, ಈ ಮನ್ಯಾಗ ನೀರು ಸೈತ ಮುಟ್ಟಂಗಿಲ್ಲ."

ಮುಟ್ಟಲೂ ಇಲ್ಲ. ರೊಟ್ಟಿ ಹಾಗೇ ಆರಿತು.

ನವೆಂಬರ್ 9

ಮಾನ್ವಿಗೆ ಹೋಗಿ ಬಂದೆ. ಮಲ್ಲೇಶನಿಗೆ ಸಂತೆ ಎಂದು ಸುಳ್ಳು ಹೇಳಿದೆ. ಖಾಜಾಮಿಯಾನ ಮುಂದೆ ಸೆರಗೊಡ್ಡಿ, ನೀನಾದರೂ ಒಲ್ಲೆ ಅನ್ನಪ್ಪಾ, ಎಂದು ಕೇಳಬೇಕೆಂದು ಹೋಗಿದ್ದು.

ಪಂಕ್ಚರ್ ಅಂಗಡಿಯಲ್ಲಿ ಅವನಿರಲಿಲ್ಲ. ಹೆಂಡತಿ ಅಸ್ಮತ್ ಕುರ್ಚಿ ಒರೆಸಿ ಕೊಟ್ಟಳು. "ಓಡಾಕ ಹೋಗ್ಯಾರ ಅಕ್ಕಾ. ಈ ವಯಸ್ಸಿನಾಗ! ದಿನಾ ಪೋತ್ನಾಳ ರೋಡಿಗೆ ಓಡ್ತಾರ. ಬಂದು, ಸೊಂಟ ತಿಕ್ಕು ಅಂತಾರ. ಮದುವಿ ಆದಾಗಿಂದ ನನ್ನ ಹಿಂದ ಹಿಂಗ ಓಡಿದ್ದಿಲ್ಲ."

ಬೈಯುತ್ತಿದ್ದಳು, ಕಣ್ಣು ನಗುತ್ತಿತ್ತು.

ಅಷ್ಟರಲ್ಲಿ ಅವನೇ ಬಂದ. ಬೆವರು ಸುರಿಯುತ್ತಿದೆ, ಬಿಳಿ ಗಡ್ಡ ತೊಯ್ದಿದೆ. "ಅಕ್ಕಾ! ಆ ಮೂರನೇದು ಆಗದಂಗ ಸಾಯ್ತೀನಿ ಅನ್ಕೊಂಡಿದ್ದೆ. ಮಲ್ಲ್ಯಾಗ ಹೇಳು, ಬಲಗೈ ಇನ್ನಾ ಜೀವಂತ ಅದ ಅಂತ."

ಇದನ್ನು ಅವನ ಕೈಯಿಂದ ಹೇಗೆ ಕಿತ್ತುಕೊಳ್ಳಲಿ, ಸುನಂದಾ? ಚಹಾ ಕುಡಿದೆ. ಬಸ್ಸು ಹತ್ತಿದೆ.

ನವೆಂಬರ್ 17, ಭಾನುವಾರ ಸಂಜೆ

ಇನ್ನೂ ಒಲೆ ಹಚ್ಚಿಲ್ಲ. ಆದರೂ ಇವತ್ತೇ ಬರೆಯಬೇಕು.

ಅವರಿಬ್ಬರದೊಂದು ಪದ್ಧತಿ ಇತ್ತು, ನಿನಗೆ ಗೊತ್ತಿಲ್ಲ. ಶಕ್ತಿನಗರದಲ್ಲಿ ಕೋಚ್ ಇರಲಿಲ್ಲ. ಗ್ಲೌಸ್ ಹಾಕುವ ಮೊದಲು ಬೆರಳಿಗೂ ಮಣಿಕಟ್ಟಿಗೂ ಬಟ್ಟೆಯ ಪಟ್ಟಿ ಸುತ್ತಬೇಕಲ್ಲ, ಅದನ್ನು ಇವನ ಕೈಗೆ ಅವನು ಸುತ್ತುವುದು, ಅವನ ಕೈಗೆ ಇವನು. ಆಮೇಲೆ ಎದ್ದು ಹೊಡೆದಾಡುವುದು. ನೋಡಿದವರು ನಗುತ್ತಿದ್ದರು. ಖಾಜಾ ಅನ್ನುತ್ತಿದ್ದ, "ನನ್ನ ಹೊಡಿಯಾ ಕೈ ಮುರೀಬಾರದು ನೋಡ್ರಿ, ಅದಕ್ಕ ನಾನೇ ಕಟ್ತೀನಿ."

ಇವತ್ತೂ ಹಾಗೇ. ಹಾಲ್ ತುಂಬಿತ್ತು. ಹಿಂದಿನ ಕೋಣೆಯಲ್ಲಿ ನಾವು ಮೂವರೇ. ಖಾಜಾ ನೆಲದ ಮೇಲೆ ಕುಳಿತು ಮಲ್ಲೇಶನ ಎಡಗೈ ತೊಡೆಯ ಮೇಲಿಟ್ಟುಕೊಂಡು ಸುತ್ತಿದ. ಮುಗಿಸಿ, "ಆ ಕೈ ಕೊಡು" ಎಂದ.

ಮಲ್ಲೇಶ ಎಡಗೈಯನ್ನೇ ಚಾಚಿದ.

"ಚಾಷ್ಟಿ ಮಾಡಬ್ಯಾಡಲೇ. ಇನ್ನೊಂದು ಕೊಡು."

ಮತ್ತೆ ಎಡಗೈ. ಖಾಜಾ ನಗುನಗುತ್ತಲೇ ಬಲಗೈ ತಾನೇ ಎತ್ತಿಕೊಂಡ. ಅರ್ಧ ಸುತ್ತಿರಬೇಕು, ಮಲ್ಲೇಶ ಬಗ್ಗಿ ಮೆಲ್ಲಗೆ ಕೇಳಿದ:

"ಲೇ ಖಾಜಾ, ಇವತ್ತ ನಂದು ಯಾರ ಜೋಡಿ ಅದ?"

ಖಾಜಾನ ಕೈ ನಿಂತಿತು.

"ನನ್ನ ಜೋಡಿಲೇ."

"ಹೌದಲ್ಲ! ನಿನ್ನ ಬಿಡಂಗಿಲ್ಲ ನೋಡು ಇವತ್ತ."

ಖಾಜಾ ನನ್ನತ್ತ ನೋಡಿದ. ನಾನು ತಲೆ ತಗ್ಗಿಸಿದೆ. ಅವನಿಗೆ ಅಷ್ಟು ಸಾಕಾಯಿತು. ಪಟ್ಟಿಯನ್ನು ಪೂರ್ತಿ ಸುತ್ತಿದ, ತುದಿ ಒಳಗೆ ಸೇರಿಸಿದ, ಬಿಗಿಯಾಯಿತೇ ಎಂದು ಬೆರಳು ಬೆರಳು ಒತ್ತಿ ನೋಡಿದ. ಎದ್ದು ಬಾಗಿಲ ಬಳಿ ನನಗಷ್ಟೇ ಕೇಳುವಂತೆ, "ಮಲ್ಲ್ಯಾ ಇರೋತನಕ ಯಾರಿಗೂ ಹೇಳಬ್ಯಾಡ ಅಕ್ಕಾ" ಎಂದ. ಏನು ಹೇಳಬಾರದು ಎಂದು ನನಗಿನ್ನೂ ತಿಳಿದಿರಲಿಲ್ಲ.

ನೇರ ರಿಂಗಿಗೆ ಹೋಗಿ ಮೈಕ್ ಹಿಡಿದ. "ನಾ ಆಡಂಗಿಲ್ಲರೀ. ಮಲ್ಲ್ಯಾನ ಕೈ ಕಟ್ಟುವಾಗ ನೋಡಿದೆ, ಇನ್ನಾ ಹಂಗೇ ಅದ ಎಡಗೈ. ನನಗ ಅಂಜಿಕಿ ಬಂತು. ನಾ ಸೋತೆ ಅಂತ ಬರಕೊಳ್ರಿ."

ಜನ ಎದ್ದು ನಿಂತರು. ಆಮೇಲೆ ಸೀಟಿ. "ಕೈಗೆ ಬಳಿ ತೊಟ್ಕೋಲೇ!" ಎಂದೊಬ್ಬ. "ಮಾನ್ವಿ ಮರ್ಯಾದಿ ಕಳದ್ಯಲ್ಲೋ ಮುದುಕಾ!" ನೀರಿನ ಬಾಟಲಿ ಬಂದು ಅವನ ಬೆನ್ನಿಗೆ ಬಿತ್ತು. ತಿರುಗಿ ನೋಡಲಿಲ್ಲ.

ಮಲ್ಲೇಶನನ್ನು ರಿಂಗಿಗೆ ಹತ್ತಿಸಿದರು. ಎರಡೂ ಕೈ ಎತ್ತಿದ. ಮುಖ ನೋಡಬೇಕಿತ್ತು, ನಮ್ಮಪ್ಪ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡಾಗ ಇದ್ದಂಥ ಮುಖ.

ಇಳಿದು ಬಂದು ನನಗೆ ಹೇಳಿದ್ದು ಒಂದೇ: "ಅಂಜುಬುರುಕ ಸೂಳೇಮಗ. ನನ್ನ ಮೂರನೇದು ತಿಂದ."

ನವೆಂಬರ್ 28

ಅಮೀನನ ಹೋಟೆಲಿನಲ್ಲಿ ಜಗಳ ಮುಗಿದಿದೆ. ಮಲ್ಲೇಶನೇ ದೊಡ್ಡವನು, ಎಲ್ಲರೂ ಒಪ್ಪಿದರು. ಅಮೀನ್ ಹಾಲಿನ ಚೀಲ ಕೊಡುತ್ತಾ, "ಜಗಳ ಇಲ್ದ ಚಾ ಸೈತ ಖರ್ಚಾಗವಲ್ದು ಅಕ್ಕಾರ" ಎಂದ. ನಗಲಾಗಲಿಲ್ಲ.

ಮಧ್ಯಾಹ್ನ ಅಸ್ಮತ್ ಫೋನ್ ಮಾಡಿದಳು. ಅಂಗಡಿ ಮುಂದೆ ಹುಡುಗರು ಗಾಡಿ ನಿಲ್ಲಿಸಿ, ಮಾಮೂ ಓಡು, ಮಲ್ಲೇಶ ಬಂದ, ಎಂದು ಕೂಗಿ ಹೋಗುತ್ತಾರಂತೆ. ಖಾಜಾ ಮಸೀದಿಗೂ ಹಿಂದಿನ ಓಣಿಯಿಂದ ಹೋಗುತ್ತಾನಂತೆ. "ಯಾಕ ಹಂಗ ಮಾಡಿದ್ರು ಅಕ್ಕಾ? ನನಗೂ ಹೇಳವಲ್ರು. ನಿಮಗೇನರ ಗೊತ್ತದೇನು?"

ಗೊತ್ತಿಲ್ಲವ್ವಾ ಎಂದೆ. ಫೋನಿಟ್ಟು ರೊಟ್ಟಿ ಬಡಿಯಲು ಕುಳಿತೆ.

ಡಿಸೆಂಬರ್ 19

ಆಸ್ಪತ್ರೆಯ ವಾರ್ಡಿನಲ್ಲಿ ಬರೆಯುತ್ತಿದ್ದೇನೆ. ಮಲ್ಲೇಶ ಬಚ್ಚಲಲ್ಲಿ ಬಿದ್ದ. ಒಂದು ಮಗ್ಗುಲು ಹೋಗಿದೆ. ನೀನೂ ಕೊಟ್ರೇಶಪ್ಪನವರೂ ನಿನ್ನೆ ಬಂದು ಹೋದಿರಿ.

ಇವತ್ತು ಖಾಜಾ ಬಂದ. ಮೂಸಂಬಿ ತಂದಿದ್ದ. ಮಲ್ಲೇಶನಿಗೆ ನನ್ನ ಹೆಸರು ಒಮ್ಮೊಮ್ಮೆ ತಪ್ಪುತ್ತದೆ, ಇವನ ಗುರುತು ಮಾತ್ರ ತಕ್ಷಣ ಸಿಕ್ಕಿತು. ನರ್ಸ್ ಅನ್ನಮ್ಮನನ್ನು ಕರೆದು, ತೊದಲುತ್ತಾ: "ಸಿಸ್ಟರ್, ನೋಡ್ರಿ... ಇವ ನನ್ನ ನೋಡಿ ಓಡಿ ಹೋದಾವ."

ವಾರ್ಡಿನವರೆಲ್ಲ ತಿರುಗಿದರು. ಖಾಜಾ ಮೂಸಂಬಿ ಸುಲಿಯುತ್ತಿದ್ದವನು ತಲೆ ಎತ್ತದೆ, "ಹೌದ್ರೀ ಸಿಸ್ಟರ್. ನೀವು ಇವನ ಎಡಗೈ ನೋಡಿಲ್ಲ. ನೋಡಿದ್ರ ನೀವೂ ಓಡ್ತಿದ್ರಿ" ಎಂದ. ಮಲ್ಲೇಶ ನಕ್ಕ. ಬಾಯಿಯ ಅರ್ಧ ಮಾತ್ರ ನಕ್ಕಿತು. ಖಾಜಾ ಒಂದೊಂದೇ ತೊಳೆಯ ಬೀಜ ತೆಗೆದು ಅವನ ಬಾಯಿಗಿಟ್ಟ.

ನಾನು ಹೊರಗೆ ಹೋಗಿ ನಿಂತೆ.

ಜನವರಿ 6

ಹದಿನೆಂಟು ದಿನ ಬರೆದಿಲ್ಲ. ಬರೆಯಲು ಏನಿದೆ. ಮಲ್ಲೇಶ ಹೋದ. ನೀನೇ ಇದ್ದೆಯಲ್ಲ. ವಿಭೂತಿ ಹಚ್ಚಿ, ಕುಳ್ಳಿರಿಸಿ, ಮಣ್ಣು ಕೊಟ್ಟೆವು. ಖಾಜಾ ಎಲ್ಲರ ಹಿಂದೆ ನಿಂತಿದ್ದ, ಕೊನೆಗೆ ಬಂದು ಬಲಗೈಯಿಂದ ಮಣ್ಣು ಹಾಕಿದ. ಯಾರೋ ಗೊಣಗಿದರು, "ಈಗ ಧೈರ್ಯ ಬಂತು ನೋಡು." ನೀನೂ ಕೇಳಿಸಿಕೊಂಡೆ. ಬಸ್ಸು ಹತ್ತುವಾಗ ನನ್ನನ್ನು ಕೇಳಿದೆ: "ಖರೇ ಹೇಳು ಅಕ್ಕಾ, ಇಬ್ಬರಾಗ ದೊಡ್ಡಾವ ಯಾರು?" ಬಸ್ಸು ಹೊರಟಿತು.

ಜನವರಿ 11

ಸಂಘದವರು ಬ್ಯಾನರ್ ಕಟ್ಟಿದ್ದಾರೆ. ಎದುರಾಳಿಯನ್ನು ಓಡಿಸಿದ ಹುಲಿ ಎಂದು ಮಲ್ಲೇಶನ ಫೋಟೋ ಕೆಳಗೆ ಬರೆದಿದೆ. ನೋಡಿ ತಡೆಯಲಾಗಲಿಲ್ಲ, ಮಾನ್ವಿಗೆ ಹೋದೆ.

"ಮಲ್ಲೇಶ ಇರೋತನಕ ಅಂದಿದ್ದೆಪ್ಪಾ. ಈಗ ಇಲ್ಲ. ಅಮೀನನ ಹೋಟೆಲಿನಾಗ ನಿಂತು ಎಲ್ಲಾರಿಗೂ ಹೇಳ್ತೀನಿ."

ಖಾಜಾ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. "ಈಗಂತೂ ಬ್ಯಾಡ ಅಕ್ಕಾ. ಎದ್ದು ನಿಂದ್ರಂಗಿಲ್ಲದವನ ಮ್ಯಾಲ ಗೆಲ್ಲಾದೇನು?"

"ಅಸ್ಮತಗರ ಹೇಳಲೇನು?"

ಖಾಜಾ ನೀರಿಗೆ ಬಗ್ಗಿದ. ಟ್ಯೂಬು ತಿರುಗಿಸಿದ.

ಜನವರಿ 14, ಮಧ್ಯಾಹ್ನ

ಸುನಂದಾ, ನೀನು ಕೇಳಿದ ಪ್ರಶ್ನೆ ಎದೆಯಲ್ಲೇ ಕುಳಿತಿದೆ. ಆ ಭಾನುವಾರ ಬರೆದದ್ದನ್ನೂ ಇದನ್ನೂ ಬೇರೆ ಹಾಳೆಗೆ ಇಳಿಸಿ ನಿನಗೆ ಕಳಿಸುತ್ತೇನೆ. ಓದಿ ಒಲೆಗೆ ಹಾಕು.

ಕೈಯ ಚುರುಕು ಮಲ್ಲೇಶನದು. ಅಷ್ಟು ದಪ್ಪ ಮೈ ಹೊತ್ತು ಬೆಕ್ಕಿನ ಹಾಗೆ ಕಾಲಿಡುತ್ತಿದ್ದ. ತಮ್ಮ ಎಂದು ಹೇಳುವುದಿಲ್ಲ, ಮೊದಲ ಸುತ್ತಿನಲ್ಲಿ ಅವನಿಗೆ ಸಾಟಿ ಇರಲಿಲ್ಲ. ಖಾಜಾ ನಿಧಾನ. ಆದರೆ ಪೆಟ್ಟು ತಿನ್ನುವುದರಲ್ಲಿ ಅವನಂಥವನಿಲ್ಲ. ಎಷ್ಟು ಬಿದ್ದರೂ ಮುಖದಲ್ಲಿ ತೋರಿಸುತ್ತಿರಲಿಲ್ಲ. ಆಗಲೂ, ಈಗಲೂ. ತೂಕ ಮಾಡಿ ಉಳಿದದ್ದು ನೀನೇ ಹೇಳು.

ಈಗ ನಿನ್ನಿಂದ ಒಂದು ಬುದ್ಧಿಮಾತು ಬೇಕು. ಊರು ಏನಾದರೂ ಅಂದುಕೊಳ್ಳಲಿ, ಅವನೇ ಒಪ್ಪಿಕೊಂಡು ಹೊತ್ತದ್ದು. ಆದರೆ ಅಸ್ಮತ್ ಗಂಡನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಾಳೆ. ತಾಟು ಮುಂದಿಟ್ಟು ಒಳಗೆ ಹೋಗುತ್ತಾಳೆ, ಅಂಗಡಿಯಲ್ಲಿ ಕಣ್ಣಾರೆ ಕಂಡೆ. ಶುಕ್ರವಾರ ಆಕೆ ಇಲ್ಲಿಗೆ ಬರುತ್ತಾಳಂತೆ, ಒಬ್ಬಳೇ. ಕೇಳಿಯೇ ಕೇಳುತ್ತಾಳೆ. ಅವನಿಗೆ ಕೊಟ್ಟ ಮಾತು ಮುರಿದು ಆಕೆಯೊಬ್ಬಳಿಗಾದರೂ ಹೇಳಿಬಿಡಲೇ, ಬೇಡವೇ? ಫೋನಿನಲ್ಲಿ ಬೇಡ, ಅವಸರದಲ್ಲಿ ಏನೋ ಅಂದುಬಿಡುತ್ತೀ. ಕುಳಿತು ಯೋಚಿಸಿ ಎರಡು ಸಾಲು ಬರೆದು ದೇವದುರ್ಗದ ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕೊಟ್ಟು ಕಳಿಸು. ಬೇಗ ಬರಿ, ಶುಕ್ರವಾರದೊಳಗೆ, ಇಲ್ಲದಿದ್ದರೆ ನಾನು—