ಗಂಜಿಗೆ ಸುರಿದ ತುಪ್ಪ

ಸಾಲಹಳ್ಳಿ, ೧೯೭೮

ಏ ನೀಲವ್ವ, ಹೆತ್ತವಳಿಗಿಂತ ಮೊದಲೇ ಹೋಗಲು ನಿನಗೆ ನಾಚಿಕೆಯಾಗಲಿಲ್ಲವೇನೇ?

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುವ ನಿನ್ನ ಮಗಳು ದೇವಕ್ಕ ನಿನ್ನೆ ಬಂದಿದ್ದಳು. ನಿನ್ನನ್ನು ಕೊಂಡೊಯ್ದ ಕ್ಯಾನ್ಸರಿನ ಜೀವಕಣದ ಗೋಡೆಯಲ್ಲಿ ಪಂಪಿನಂಥದ್ದು ಕೂತು, ಒಳಹೊಕ್ಕ ಔಷಧವನ್ನು ಹೊರಗೆ ಚೆಲ್ಲುತ್ತದಂತೆ. ಗೋಡೆಯಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಇದೆಯಂತೆ. ಅದು ಹೆಚ್ಚುಕಡಿಮೆಯಾದರೆ ಪಂಪಿನ ಜೋರೂ ಬದಲಾದೀತೇ ಎಂದು ಹುಡುಕುತ್ತಿದ್ದಾರಂತೆ.

ಆ ಔಷಧದ ಸೂಜಿ ಚುಚ್ಚಿಸಿಕೊಂಡು ಬಂದಾಗಲೆಲ್ಲ ನಿನ್ನ ಗಂಜಿಗೆ ನಾನು ತುಪ್ಪ ಸುರಿಯುತ್ತಿದ್ದೆನಲ್ಲ.

“ಹಂಗಾರ ಆ ಪಂಪಿಗೆ ನಾನೇ ಎಣ್ಣಿ ಬಿಟ್ಟೆನೇನ?” ಎಂದು ಕೇಳಿದೆ.

“ಹುಚ್ಚಿ ಅದೀಯೇನ ಆಯಿ? ಆ ಕೊಬ್ಬು ಕಣಾನೇ ಮಾಡಿಕೋತೈತಿ. ನಿನ್ನ ತುಪ್ಪದ್ದಲ್ಲ,” ಎಂದು ಗದರಿದಳು.

ಕಲಿತವಳು, ಅವಳ ಮಾತು ಖರೆ ಇದ್ದೀತು. ಆದರೆ ತುಪ್ಪ ಬೇಡವೆಂದು ನೀನು ಬಾಯಿ ಬಿಗಿಹಿಡಿದರೂ ನಾನು ಒತ್ತಾಯದಿಂದ ಉಣಿಸಿದಾಗ ಅವಳು ಅಲ್ಲಿರಲಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಕನಸಿಗಾದರೂ ಬಂದು, ತಪ್ಪು ನನ್ನ ತುಪ್ಪದ್ದೋ ಅಲ್ಲವೋ ನೀನೇ ಹೇಳು.