ಯಾವ ಕಿವಿ ಎಂದು ಅವನನ್ನೇ ಕೇಳಿದರು

ನಾಗಮಂಗಲ, ಬುಧವಾರ

ಕ್ಯಾತನಹಳ್ಳಿಯ ಅತ್ತೆಯವರಿಗೆ ಸೊಸೆ ಪುಟ್ಟಲಕ್ಷ್ಮಿಯ ನಮಸ್ಕಾರ.

ಫೋನಿದ್ದರೂ ಕಾರ್ಡು ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗ ನಾಗಾರ್ಜುನ ಇಲ್ಲಿನ ಕೆಂಪು ಅಂಚೆ ಡಬ್ಬಿಗೆ ಏನಾದರೂ ಹಾಕಲೇಬೇಕಂತೆ.

ನಮ್ಮ ನಾಗಾರ್ಜುನನ ಹಾಗೆ ಆಟಿಸಂ ಇರುವವರನ್ನು ಹೇಗೆ ನೋಡಬೇಕೆಂದು ಡಾಕ್ಟರು, ನರ್ಸುಗಳಿಗೆ ಕಲಿಸುವ ತರಬೇತಿ ಇಲ್ಲಿನ ಆಸ್ಪತ್ರೆಯಲ್ಲಿ ಇವತ್ತು ಶುರುವಾಯಿತು, ನಮ್ಮಿಬ್ಬರನ್ನೂ ಕರೆಸಿದ್ದರು. ಸ್ಟೆತಸ್ಕೋಪನ್ನು ನಾಗಾರ್ಜುನ ಮೂಸಿ ನೋಡಿ ಒಪ್ಪುವವರೆಗೆ ದೊಡ್ಡ ಡಾಕ್ಟರೇ ಚಾಪೆಯ ಮೇಲೆ ಕುಳಿತು ಕಾದರು.

ಆಮೇಲೆ ಒಬ್ಬ ನರ್ಸಮ್ಮ ನನ್ನ ಕಡೆ ತಿರುಗಿ, "ಯಾವ ಕಿವಿ ನೋಯ್ತದೆ ಇವ್ನಿಗೆ?" ಎಂದರು. ನಾನು ಎಂದಿನಂತೆ, "ಬಲಗಿವಿ ಕಣವ್ವ" ಎಂದುಬಿಟ್ಟೆ. ಕಲಿಸುವ ಮೇಡಂ ತಡೆದರು. "ಅವ್ರನ್ನೇ ಕೇಳಿ. ಕೇಳಿದ್ಮೇಲೆ ಸುಮ್ಕಿರಿ."

ನರ್ಸಮ್ಮ ಅವನನ್ನೇ ಕೇಳಿದರು, ಎಲ್ಲರೂ ಕಾದರು. ನಾನು ಬಾಯಿ ತಡೆಯಲಾರದೆ ಸೆರಗು ಕಚ್ಚಿಕೊಂಡು ಕೂತೆ. ಬಹಳ ಹೊತ್ತಾದ ಮೇಲೆ ಅವನು ಎಡಗಿವಿಯ ಮೇಲೆ ಬೆರಳಿಟ್ಟು, "ಇದು" ಎಂದ. ಡಾಕ್ಟರುಗಳೆಲ್ಲ ಬರೆದುಕೊಂಡರು ಅತ್ತೆ, ನನ್ನ ಮಗ ಹೇಳಿದ್ದನ್ನು.

ಒಳಗೆ ಕೀವಾಗಿದೆಯಂತೆ, ಮಾತ್ರೆ ಕೊಟ್ಟಿದ್ದಾರೆ. ನೀವೂ ನಾನೂ ಅವನನ್ನು ಹಿಡಿದು ಕೂರಿಸಿ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದೆಲ್ಲ ನೋವಿಲ್ಲದ ಕಿವಿಗೆ. ಇನ್ನು ಯಾವ ಕಿವಿಗೂ ಎಣ್ಣೆ ಬೇಡವಂತೆ.

ಜಾಗ ಮುಗಿಯಿತು, ಅವನು ಕಾರ್ಡಿಗೆ ಕೈ ಚಾಚಿ ನಿಂತಿದ್ದಾನೆ. ಶುಕ್ರವಾರ ಸಂಜೆ ಬರುತ್ತೇವೆ. ಸಾರು ಯಾವುದು ಮಾಡಲಿ ಎಂದು ನನ್ನನ್ನು ಕೇಳಬೇಡಿ. ಅವನನ್ನು ಕೇಳಿ, ಮುದ್ದೆ ಆರಿದರೂ ಕಾಯಿರಿ.

ಪುಟ್ಟಲಕ್ಷ್ಮಿ